ಅಡುಗೆಮನೆಯ ಹೆಣಗಳು

"ಗ್ವಾಡಿಗೆ ಮೈ ತಾಗಸಬ್ಯಾಡಲೇ ಬೋಳಿಮಗನ, ಮೊನ್ನೆ ಸುಣ್ಣ ಹೊಡಿಸೀನಿ."

ಸುಂಕಪ್ಪ ಗೋಡೆಯಿಂದ ಒಂದು ಮೊಳ ದೂರ ಸರಿದು, ಹಿತ್ತಲಲ್ಲಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಪಂಪು ಒತ್ತತೊಡಗಿದ. ಡಿಡಿಟಿ ಕಲಸಿದ ನೀರು ರಬ್ಬರಿನ ಕೊಳವೆಯಲ್ಲಿ ಹರಿದು, ಹೊಸ್ತಿಲು ದಾಟಿ, ಬಳ್ಳಾರಿ ಗಾಂಧಿನಗರದ ಆ ಮನೆಯ ಅಡುಗೆಕೋಣೆ ಸೇರುತ್ತಿತ್ತು. ಒಳಗೆ ಕೊಳವೆಯ ತುದಿ ಹಿಡಿದು ಬೈಯುತ್ತಿದ್ದವರು ಕೊಟ್ಟೂರಪ್ಪನವರು, ಔಷಧಿ ಹೊಡೆಯುವ ಕಚೇರಿಯ ಸಾಹೇಬರು. ಪಂಪು ಕಚೇರಿಯದು, ಔಷಧಿ ಕಚೇರಿಯದು, ಸುಂಕಪ್ಪನೂ ಆರು ವರ್ಷದಿಂದ ಅದೇ ಕಚೇರಿಯ ದಿನಗೂಲಿ. ಅವನನ್ನು ಕಾಯಂ ಮಾಡುವ ಕಾಗದ ಪಡಸಾಲೆಯ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ.

"ಮೊದ್ಲು ಜಿರಳಿ ಸಾಯ್ಲಿ, ಆಮ್ಯಾಲ ಸಹಿ" ಎಂದಿದ್ದರು ಸಾಹೇಬರು.

ಬೆಳಗೆಲ್ಲ ಕಳೆದದ್ದು ಅವರ ಹೆಂಡತಿ ಚನ್ನವೀರಮ್ಮನ ತಕರಾರಿನಲ್ಲಿ. ಸುಂಕಪ್ಪ ಅಡುಗೆಮನೆಗೆ ಬರಕೂಡದು, ಅದು ಸರಿ. ಅವನು ಕಲಸಿದ ನೀರು ಬರಬಹುದೇ? ಮಠದ ಅಯ್ಯನವರನ್ನು ಕರೆಸಿದರು. ಅವರು ದೂರದಿಂದಲೇ ಬಕೆಟ್ಟು ನೋಡಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟರು.

"ಕುಡಿಯಾದು ಜಿರಳಿ. ಮೈಲಿಗಿ ಆದ್ರ ಜಿರಳಿಗೆ ಆಕೈತಿ."

ಕೊಳವೆಯ ಉದ್ದಕ್ಕೂ ವಿಭೂತಿ ಬಳಿದ ಮೇಲೆ ಕೆಲಸ ಶುರುವಾಗಿತ್ತು.

ಊಟದ ಹೊತ್ತು ಮೀರುವಾಗ ಜಿರಳೆಗಳು ಸಾಯತೊಡಗಿದವು. ಒಲೆಯ ಸಂದಿಯಿಂದ, ಬೀಸುಕಲ್ಲಿನ ಅಡಿಯಿಂದ ತೂರಾಡುತ್ತ ಬಂದು, ಅಂಗಾತ ಬಿದ್ದು, ಕಾಲಾಡಿಸಿ ಸುಮ್ಮನಾದವು. ಚನ್ನವೀರಮ್ಮ ಕಸಬರಿಗೆ ಹಿಡಿದು ಬಗ್ಗಿದಳು.

"ಮುಟ್ಟಬ್ಯಾಡ ತಾಯಿ," ಪಡಸಾಲೆಯಿಂದ ಅಯ್ಯನವರು ತಡೆದರು. "ಹೆಣ ತೆಗಿಯಾದು ನಮ್ಮ ಕೆಲಸಲ್ಲ. ದನ ಸತ್ರ ನೀವು ಎಳಿತೀರೇನು? ಒಂದು ಹೆಣ ಉಳಿದ್ರೂ ಒಲಿ ಹಚ್ಚಂಗಿಲ್ಲ. ಪೂಜಿ ಇಲ್ಲ, ಊಟ ಇಲ್ಲ."

"ಜಿರಳಿಗೂ ಐತೇನ್ರಿ ಆ ಶಾಸ್ತ್ರ?" ಹಸಿದಿದ್ದ ಕೊಟ್ಟೂರಪ್ಪನವರು ಕೇಳಿದರು.

"ಹೆಣ ಅಂದ್ರ ಹೆಣ."

ಮೂವರೂ ಹಿತ್ತಲ ಕಡೆ ನೋಡಿದರು. ಸಿರಿಗೇರಿ ಹಳ್ಳಿಯಲ್ಲಿ ಧಣಿಗಳ ಸತ್ತ ದನ ಎಳೆಯುತ್ತಿದ್ದವನು ಸುಂಕಪ್ಪನ ಅಪ್ಪ. ಆ ಕೆಲಸ ಬೇಡವೆಂದೇ ಮಗ ಬಳ್ಳಾರಿಯ ಬಸ್ಸು ಹತ್ತಿದ್ದ.

"ಲೇ ಸುಂಕ, ಒಳಗ ಬಾ," ಸಾಹೇಬರು ಕೂಗಿದರು.

"ಅಡಿಗಿಮನ್ಯಾಗೇನ್ರಿ?"

"ಇದು ನಿಮ್ಮ ವಂಶದ ಕೆಲಸಲೇ. ಬಳಕಂಡು ಹೋಗು."

"ಎಲ್ಲಾ ತೆಗಿಬೇಕೇನ್ರಿ?"

"ಒಂದೂ ಬಿಡಬಾರ್ದು" ಎಂದರು ಅಯ್ಯನವರು.

ಸುಂಕಪ್ಪ ಒಳಗೆ ಬಂದ. ಮನೆಯವರು ಪಡಸಾಲೆಗೆ ಸರಿದು ಬಾಗಿಲಲ್ಲಿ ನಿಂತರು. ಅವನು ನೆಲದ ಮೇಲಿನವನ್ನು ಒಂದೊಂದಾಗಿ ಮೀಸೆ ಹಿಡಿದೆತ್ತಿ ಹಳೇ ಮೊರಕ್ಕೆ ಹಾಕಿದ. ಕೊನೆಯದರ ಮುಂದೆ ಸುಮ್ಮನೆ ಕೂತುಬಿಟ್ಟ.

"ಎತ್ತಲೇ."

"ಇನ್ನಾ ಜೀವ ಐತ್ರಿ. ಜೀವ ಇರಾತನಕ ಅದು ನಿಮ್ಮನಿದು."

ಅಯ್ಯನವರು ಯೋಚಿಸಿ, ಹೌದೆಂದು ತಲೆಯಾಡಿಸಿದರು. ಎಲ್ಲರೂ ಆ ಜಿರಳೆ ಸಾಯುವುದನ್ನು ಕಾಯುತ್ತ ನಿಂತರು. ಅಯ್ಯನವರ ಹೊಟ್ಟೆ ಗುರ್ ಎಂದಿತು.

ಅದು ಸತ್ತ ಮೇಲೆ ಸುಂಕಪ್ಪ ಎದ್ದು, ಹಲಗೆಯ ಮೇಲಿನ ಅರಿಶಿನದ ಡಬ್ಬಿ ಇಳಿಸಿದ.

"ಅದನ್ಯಾಕ ಮುಟ್ಟತೀಯೋ?" ಚನ್ನವೀರಮ್ಮ ಬಾಗಿಲಲ್ಲೇ ನಿಂತು ಕೂಗಿದಳು.

"ಇದರಾಗೂ ಸತ್ತಿರತಾವ್ರಿ ಅಮ್ಮಾರ."

ಒಂದು ಇತ್ತು. ಉಪ್ಪಿನ ಭರಣಿಯಲ್ಲಿ ಇರಲಿಲ್ಲ, ಆದರೂ ತಳದ ತನಕ ಕೈಯಾಡಿಸಿ ನೋಡಿದ. ಬೆಲ್ಲ ಮುಟ್ಟಿದ. ತುಪ್ಪದೊಳಗೆ ಬೆರಳು ಅದ್ದಿದ. ತಪ್ಪೆನ್ನುವಂತಿರಲಿಲ್ಲ, ಒಂದೂ ಬಿಡಬಾರದೆಂದಿದ್ದ ಅಯ್ಯನವರೇ ಗೋಡೆಯ ಕಡೆ ತಿರುಗಿ ವಿಭೂತಿ ಒರೆಸಿಕೊಳ್ಳುತ್ತಿದ್ದರು.

"ಸಾಕು, ಬಾರಲೇ," ಕೊಟ್ಟೂರಪ್ಪನವರು ಕಾಗದ ಎತ್ತಿ ಹಿಡಿದರು. "ಸಹಿ ಹಾಕೀನಿ ನೋಡು. ತಗಂಡು ಹೋಗಿಬಿಡು."

"ಇನ್ನಾ ಹಿಟ್ಟಿನ ಡಬ್ಬಿ ಐತ್ರಿ."

"ಅದನ್ನ ಮುಟ್ಟಿದ್ಯೋ, ಇದನ್ನ ಹರಿತೀನಿ."

ಸುಂಕಪ್ಪ ಕಾಗದವನ್ನು ನೋಡಿದ. ನೀಲಿ ಮಸಿ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಟೈಪು ಹೊಡೆದ ತನ್ನ ಹೆಸರನ್ನು ಅಷ್ಟು ದೂರದಿಂದಲೂ ಗುರುತಿಸಿದ. ಆಮೇಲೆ ಜೋಳದ ಹಿಟ್ಟಿನೊಳಗೆ ಮೊಣಕೈ ತನಕ ಕೈ ಇಳಿಸಿದ.

"ಹರೀರಿ" ಎಂದ.

ಕಾಗದ ಹರಿದ ಸದ್ದಾಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಅವನು ಕುಡಿಯುವ ನೀರಿನ ಗಡಿಗೆಯ ಮುಚ್ಚಳ ತೆಗೆದ.