ಎಡಗಡೆಯ ಸ್ಪೀಕರ್

"ಸರೌಂಡ್ ಸ್ಪೀಕರ್‌ನಲ್ಲಿ ಎರಡು ಥರ ಇದೆ ಮೇಡಂ," ಎಂದ ಫಿಟ್ಟಿಂಗ್‌ನವನು, ಎರಡನ್ನೂ ಸೋಫಾದ ಮೇಲಿಟ್ಟು. "ಇದು ಶಬ್ದವನ್ನ ಎರಡೂ ಪಕ್ಕಕ್ಕೆ ಚೆಲ್ಲುತ್ತೆ. ರೂಮೆಲ್ಲಾ ತುಂಬುತ್ತೆ, ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಇನ್ನೊಂದು ನೇರವಾಗಿ ಕಿವಿಗೆ. ಕಣ್ಣು ಮುಚ್ಚಿಕೊಂಡೇ ಬೆರಳು ತೋರಿಸಬಹುದು."

ಇವರಿಗೆ ಮೊದಲನೆಯದು ಹಿಡಿಸಿತ್ತು. ನಾನು ಎರಡನೆಯದೇ ಬೇಕೆಂದೆ.

"ಒಂದು ಕಿವಿಯವಳಿಗೆ ಯಾವುದಾದ್ರೇನು?" ಎಂದು ಇವರು ನಕ್ಕರು. ನಾನು ಜಗ್ಗಲಿಲ್ಲ. "ಆಯ್ತು ತಾಯಿ, ನಿನ್ನಿಷ್ಟ."

ನನ್ನ ಎಡಗಿವಿ ಕೇಳುವುದಿಲ್ಲ. ಯಾಕೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಇವರನ್ನು ಸಾಕಿ ಬೆಳೆಸಿದ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಕಿವಿ ಹೋದದ್ದೇ ತಿಳಿಯದು. ಅವರು ಕರೆದಾಗ ನಾನು ತಿರುಗದಿದ್ದರೆ, "ಇವಳಿಗೆ ಕೊಬ್ಬು ಅಕ್ಕಾ," ಎನ್ನುತ್ತಿದ್ದರು ಇವರು. ಹನ್ನೊಂದು ವರ್ಷ ಅವರು ಅದನ್ನೇ ನಂಬಿದರು. ಇವರು ಜಗತ್ತಿನಲ್ಲಿ ಹೆದರುವುದು ಆ ಒಬ್ಬರಿಗೆ. ಆ ಒಬ್ಬರಿಗೇ ಗೊತ್ತಾಗಬೇಕಿತ್ತು, ಅದೂ ಇವರ ಕಣ್ಣೆದುರೇ. ಬರಿದೇ ಬಾಯಿಬಿಟ್ಟು ಹೇಳಿದ್ದರೆ ಚಾಡಿ ಎನ್ನುತ್ತಿದ್ದರು.

ಸ್ಪೀಕರ್ ಗೋಡೆಗೇರಿದ ದಿನ ಅತ್ತಿಗೆಯನ್ನು ನಾನೇ ಕರೆಸಿದೆ. ಫಿಟ್ಟಿಂಗ್‌ನವನಿಗೆ, "ಆ ಬೆರಳು ತೋರಿಸೋ ಆಟ ಆಡಿಸಿ," ಎಂದೆ. ಇವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮಗುವಿನಂತೆ ಕಣ್ಣು ಮುಚ್ಚಿಯಾಗಿತ್ತು. ನಾನೂ ಮುಚ್ಚಿದೆ.

ಗಂಟೆಯ ಸದ್ದು ಬಂತು. ಕಣ್ಣು ತೆರೆದರೆ ಅತ್ತಿಗೆಯ ಬೆರಳು ಎಡಕ್ಕೆ, ನನ್ನದು ಬಲಕ್ಕೆ. ಇನ್ನೊಮ್ಮೆ ಹಾಕಿದ. ಮತ್ತೆ ಹಾಗೇ.

"ಇದರಲ್ಲೂ ನಿಂದು ಹಟವೇನೇ?" ಎಂದರು ಅತ್ತಿಗೆ.

"ಇಲ್ಲ ಅತ್ತಿಗೆ. ಎಡಗಿವಿ ಸತ್ತು ಹನ್ನೊಂದು ವರ್ಷ ಆಯ್ತು. ನೀವು ಕರೆದದ್ದು ಎಷ್ಟೋ ಸಲ ಕೇಳಿಸಿಯೇ ಇಲ್ಲ."

"ಅಯ್ಯೋ! ಏನಾಗಿತ್ತೇ?"

"ಇದೇ ಹಾಲ್‌ನಲ್ಲಿ ಎದುರುಬದುರು ನಿಂತಿದ್ವಿ. ನಿಮ್ಮ ತಮ್ಮನದು ಬಲಗೈ ಅಲ್ವಾ, ಏಟು ಎಡಗಡೆಗೇ ಬೀಳುತ್ತೆ."

ಫಿಟ್ಟಿಂಗ್‌ನವನು ಬಗ್ಗಿ, ಸುತ್ತಿಯಾಗಿದ್ದ ವೈರನ್ನು ಮತ್ತೆ ಸುತ್ತತೊಡಗಿದ. ಇವರು, "ಅಕ್ಕಾ, ಅದು..." ಎಂದರು. ಅತ್ತಿಗೆ ಕೈ ಎತ್ತಿ ತಡೆದರು. ಎದ್ದು ಬಂದು, ನನ್ನ ಎಡಕ್ಕಿದ್ದ ಖಾಲಿ ಕುರ್ಚಿಯನ್ನು ನೋಡಿ, ಸುತ್ತಿಕೊಂಡು ಬಲಕ್ಕೆ ಬಂದು ಕೂತರು.

"ಇವನು ಏನೇನೋ ಹೇಳಿದ್ದ. ನೀನು ಹೇಳೇ, ಮೊದಲಿಂದ."

ಇವರ ಮುಖ ಬಿಳಿಚಿಕೊಂಡಿತ್ತು. ನಾನು ಅದನ್ನು ಸಾವಕಾಶವಾಗಿ, ಕಣ್ತುಂಬ ನೋಡಿದೆ. ಆಮೇಲೆ ಶುರು ಮಾಡಿದೆ.