ಪ್ರಶ್ನೆ ಬರೆದವಳು ಪರೀಕ್ಷೆಗೆ ಕೂರುವಂತಿಲ್ಲ

ಸಿಟ್ಟು ಬಂದರೆ ನನ್ನ ಕಿವಿ ಕೆಂಪಾಗುತ್ತದಂತೆ. ಆವತ್ತು ಸಾಹೇಬರ ಕೋಣೆಯಲ್ಲಿ ಎರಡೂ ಕಿವಿ ಉರಿಯುತ್ತಿದ್ದವು. ಉರಿಯದೆ ಇನ್ನೇನು? ಕಂಪ್ಯೂಟರ್ ಭದ್ರತಾ ತಂಡದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಆ ತಂಡವನ್ನು ಇಷ್ಟು ವರ್ಷ ಎಳೆದವಳು ನಾನು. ನೆಟ್‌ವರ್ಕಿಗೆ ಕಳ್ಳರು ನುಗ್ಗಿದಾಗ ಊಟ ಬಿಟ್ಟು ಓಡಿಬಂದವಳೂ ನಾನೇ. ಕುರ್ಚಿ ನನಗೇ ಬರಬೇಕಿತ್ತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಎಲ್ಲಾ ಸರಿ ಕಣಮ್ಮಾ, ಆದ್ರೆ ನಿನ್ನ ಹತ್ರ ಭದ್ರತಾ ಸರ್ಟಿಫಿಕೇಟ್ ಇಲ್ವಲ್ಲ. ಈ ಸಲದಿಂದ ಅದು ಕಡ್ಡಾಯ," ಎಂದರು ಸಾಹೇಬರು.

"ಸಾರ್, ಆ ಪರೀಕ್ಷೆಗೆ ಪ್ರಶ್ನೆ ಬರೆದುಕೊಟ್ಟಿರೋಳೇ ನಾನು! ಈಗ ನಾನು ಅದಕ್ಕೆ ಕೂರೋ ಹಾಗಿಲ್ಲ."

ಸುಳ್ಳಲ್ಲ. ಪರೀಕ್ಷೆ ನಡೆಸುವ ಸಂಸ್ಥೆ ಹೋದ ವರ್ಷ ಅನುಭವಸ್ಥರನ್ನು ಕೇಳಿದಾಗ, "ಹೋಗಿ ಬಾ, ನಮ್ಮ ಆಫೀಸಿಗೂ ಹೆಸರು" ಎಂದು ಕಳಿಸಿದ್ದು ಇದೇ ಪುಣ್ಯಾತ್ಮರು. ಪ್ರಶ್ನೆ ಬರೆದವರು ಎರಡು ವರ್ಷ ಆ ಪರೀಕ್ಷೆಗೆ ಕೂರಬಾರದು ಎಂಬುದು ಅಲ್ಲಿಯ ಕರಾರು. ಅದು ನ್ಯಾಯವೇ, ನನ್ನ ತಕರಾರಿಲ್ಲ. ಆದರೆ ಇವರಿಗೆ ಅಷ್ಟೂ ತಿಳಿಯಬಾರದೇ?

"ಹಾಗಾದ್ರೆ ಬೇರೆ ಯಾವುದಾದ್ರೂ ಸರ್ಟಿಫಿಕೇಟ್ ಮಾಡ್ಕೋ. ಕ್ಲೌಡ್ ಇದೆ, ಡೇಟಾಬೇಸ್ ಇದೆ. ಮುಂದೆ ಬೇರೆ ಜಾಗ ನೋಡೋಣ."

ಆಲೂಗಡ್ಡೆ ಮುಗಿದಿದೆ, ಕೋಸು ತಗೊಂಡು ಹೋಗಿ ಎಂದಂತೆ!

ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದರೆ ನಮ್ಮ ಯಜಮಾನರಿಗೆ ನಗು. "ಅಡುಗೆ ಮಾಡಿದೋಳಿಗೇ ತಟ್ಟೆ ಇಡಲ್ವಂತೆ!"

ಅತ್ತೆ ಗದರಿದರು. "ಹಲ್ಲು ಕಿರೀತಾನೆ ನೋಡು! ಪ್ರಶ್ನೆ ಬರೆದೋಳಿಗೆ ಉತ್ತರ ಗೊತ್ತಿರಲ್ವೇನೋ? ಅವರ ತಲೇಲಿರೋದು ಮಿದುಳಾ, ಮಣ್ಣಾ?"

ಯಜಮಾನರು ತಟ್ಟೆಗೆ ತಲೆ ಬಗ್ಗಿಸಿ ಅನ್ನ ಕಲಸತೊಡಗಿದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಕುರ್ಚಿ ಗಿಳಿಗೆ ಹೋಯಿತು. ಗಿಳಿ ಎಂದರೆ ನಮ್ಮ ತಂಡದ ಕಿರಿಯವನು. ಅಂತರ್ಜಾಲದಲ್ಲಿ ಸಿಗುವ ಹಳೆಯ ಪ್ರಶ್ನೋತ್ತರಗಳನ್ನು ಉರು ಹೊಡೆದು ಪಾಸಾಗುವುದರಿಂದ ಆ ಹೆಸರು. ಕೆಟ್ಟವನಲ್ಲ ಪಾಪ. "ಅಕ್ಕಾ, ಪಾಸಾದೆ! ಒಂದು ಪ್ರಶ್ನೆ ಮಾತ್ರ ತಲೆ ತಿಂತು. ಯಾವ ಶನಿ ಬರೆದಿದ್ನೋ," ಎಂದ. ಯಾವ ಪ್ರಶ್ನೆ ಎಂದು ಕೇಳುವ ಹಾಗಿಲ್ಲ, ಗುಟ್ಟು ಕಾಯುವುದೂ ಕರಾರಿನಲ್ಲಿದೆ.

ಅವನು ಕುರ್ಚಿಯಲ್ಲಿ ಕೂತ ಮರುದಿನವೇ ಸಾಹೇಬರು ನನ್ನನ್ನು ಕರೆದು, "ಹುಡುಗ ಹೊಸಬ. ನೀನೇ ಪಕ್ಕದಲ್ಲಿ ಕೂತು ಎಲ್ಲಾ ಹೇಳಿಕೊಡಮ್ಮಾ," ಎಂದರು. ಮುಖದಲ್ಲಿ ಎಳ್ಳಷ್ಟು ಸಂಕೋಚವಿಲ್ಲ! ಕುರ್ಚಿ ಅವನದು, ದುಡಿತ ನನ್ನದು.

ಆ ಸಂಜೆಯೇ ಕಂಪ್ಯೂಟರಿನ ಮುಂದೆ ಕೂತೆ. ಕ್ಲೌಡ್ ಬೇಡ, ಡೇಟಾಬೇಸ್ ಬೇಡ. ಇವರ ಮರ್ಜಿಗೆ ನಾನೇಕೆ ಓದಲಿ? ಬೇರೊಂದನ್ನು ಆರಿಸಿಕೊಂಡೆ. ಹಗಲು ಗಿಳಿಗೆ ಪಾಠ, ಸಂಜೆ ನನ್ನ ಓದು. ಓದಿಕೊಳ್ಳಲಿ ಎಂದು ಅತ್ತೆ ಅಡುಗೆಮನೆಗೆ ನನ್ನನ್ನು ಬಿಟ್ಟುಕೊಳ್ಳಲೇ ಇಲ್ಲ.

ಪಾಸಾದ ಸುದ್ದಿ ಸಾಹೇಬರಿಗೂ ತಲುಪಿತು. "ಭೇಷ್! ಯಾವುದು, ಕ್ಲೌಡಾ?"

"ಅಲ್ಲ ಸಾರ್, ಆಡಿಟರ್ ಪರೀಕ್ಷೆ."

"ಅದು ನಮ್ಮಲ್ಲಿ ಯಾವ ಹುದ್ದೆಗೂ ಬೇಡವಲ್ಲಮ್ಮಾ."

"ನಿಮ್ಮಲ್ಲಿ ಬೇಡ. ನಿಮ್ಮಂಥ ಆಫೀಸುಗಳ ಕಂಪ್ಯೂಟರ್ ಭದ್ರತೆ ತಪಾಸಣೆ ಮಾಡೋಕೆ ಬರ್ತಾರಲ್ಲ, ಅವರಿಗೆ ಬೇಕು. ಅವರಲ್ಲೇ ಕೆಲಸ ಸಿಕ್ಕಿದೆ."

ಅವರ ಮುಖ ಸಪ್ಪಗಾಯಿತು. "ಹಾಗಾದ್ರೆ ಹುಡುಗನಿಗೆ ಹೇಳಿಕೊಡೋರು ಯಾರು?"

ಇಷ್ಟು ವರ್ಷದ ದುಡಿಮೆಗೆ ಆ ಮನುಷ್ಯನ ಬಾಯಿಂದ ಬಂದ ಮಾತು ಅದೊಂದೇ.

"ಅದಕ್ಕೂ ಒಂದು ಸರ್ಟಿಫಿಕೇಟ್ ಕಡ್ಡಾಯ ಮಾಡಿ ಸಾರ್, ಯಾರಾದ್ರೂ ಸಿಕ್ತಾರೆ," ಎಂದು ರಾಜೀನಾಮೆಯನ್ನು ಮೇಜಿನ ಮೇಲಿಟ್ಟೆ.