ಮೂರನೇ ಗೆರಿ

ಜಹೀರಾಬಾದ್ ಸುತ್ತಮುತ್ತ ಯಾರ ಮನ್ಯಾಗ ಹಿರಿಯರು ಲಿಂಗೈಕ್ಯರಾದ್ರೂ ಫೋಟೋ ಹಿಡಕೊಂಡು ಶಿವಕಾಂತಾನ ಮನಿಗೇ ಬರ್ತಿದ್ರು. ಆಕಿ ಬಣ್ಣದಾಗ ಮಾರಿ ಬರದು, ಕಡೀಗೆ ಕುಂಚ ಬದಿಗಿಟ್ಟು, ಮೂರು ಬಟ್ಟು ಬಿಳಿ ಬಣ್ಣದಾಗ ಅದ್ದಿ ಹಣಿಗೆ ವಿಭೂತಿ ಎಳೀತಿದ್ಳು. ಸಣ್ಣಾಕಿದ್ದಾಗ ಮೇವು ಕತ್ತರಿಸೋ ಮಷೀನಿಗೆ ಸಿಕ್ಕು ಉಂಗುರದ ಬಟ್ಟು ಸೊಟ್ಟಾಗಿತ್ತು. ಅದಕ್ಕ ಮೂರನೇ ಗೆರಿ ನಟ್ಟನಡುವ ತುಂಡಾಗ್ತಿತ್ತು. ಅದನ್ನ ನೋಡೇ ಬೀದರ ತನಕ ಮಂದಿ ಇದು ಶಿವಕಾಂತಾನ ಕೈ ಅಂತಿದ್ರು. ಮೂಲ್ಯಾಗ ಹೆಸರು ಬರಿಯೋ ಪ್ರಸಂಗನೇ ಬಂದಿರಲಿಲ್ಲ.

ತಂಗಿ ಪ್ರೇಮಲಾ ನಾರಾಯಣಖೇಡದ ಕಾಲೇಜಿನ್ಯಾಗ ಕಂಪ್ಯೂಟರ್ ಕಲಿಸಾಕಿ. ಅಕ್ಕನ ಚಿತ್ರ ಇಂಟರ್‌ನೆಟ್ಟಿಗೆ ಹಾಕಿ, ಕೆಳಗ ಮುಕ್ತ ಲೈಸೆನ್ಸ್ ಬರದ್ಳು: ನೋಡ್ರಿ, ಹಂಚ್ರಿ, ಬರದಾಕಿ ಹೆಸರು ಹಾಕ್ರಿ, ಮಾರಬ್ಯಾಡ್ರಿ. ಮ್ಯಾಲ ಒಂದು ಸಾಫ್ಟ್‌ವೇರ್ ಬ್ಯಾರೆ. ಅದನ್ನ ಹಚ್ಚಿದ ಚಿತ್ರ ನೋಡಿ ಎಐ ಕಲ್ಯಾಕ ಹೋದ್ರ ತಪ್ಪೇ ಕಲೀತದ. ಅದನ್ನ ಹಚ್ಚದ ಒಂದು ಚಿತ್ರನೂ ಹೊರಗ ಬಿಡಬ್ಯಾಡ ಅಂತ ಅಕ್ಕಗ ಕೈ ಮುಗಿದು ಹೇಳಿದ್ಳು.

ಆದ್ರ ಹಚ್ಚಿದ್ಮ್ಯಾಗ ಚಿತ್ರದ ತುಂಬ ಚುಕ್ಕಿ ಚುಕ್ಕಿ ಸಣ್ಣ ಕಲಿ ಕಾಣ್ತಿದ್ವು. ವಾಟ್ಸಾಪಿನ್ಯಾಗ ಹಾಕಾಕ ಚಿತ್ರ ಕೇಳಿದವರು, ಹೋದವರ ಮಾರಿಗೆ ಮೈಲಿ ಎದ್ದಂಗ ಅದರಿ, ವಿಭೂತಿಗೂ ಕಲಿ ಹತ್ಯಾದರಿ ಅಂತ ಅಳ್ತಿದ್ರು. ಅಳೋರ ಮುಂದ ಲೈಸೆನ್ಸಿನ ಪುರಾಣ ಯಾರು ಓದ್ತಾರ? ಶಿವಕಾಂತಾ ಕಲಿ ಇಲ್ಲದ ಚಿತ್ರ ಕಳಿಸಿದ್ಳು. ಒಬ್ಬರಿಗಲ್ಲ, ಮೂರು ವರ್ಷ ಕೇಳಿದವರಿಗೆಲ್ಲ. ತಂಗಿಗೆ ಮಾತ್ರ ಹೇಳಲಿಲ್ಲ.

ತಾಂಡೂರಿನ್ಯಾಗ ಫ್ಲೆಕ್ಸ್ ಅಂಗಡಿ ಇಟ್ಟ ಧನರಾಜ ವಾಟ್ಸಾಪಿನ್ಯಾಗ ಹರದಾಡಿದ ಆ ಚಿತ್ರಗಳನ್ನೆಲ್ಲ ಕೂಡಿಸಿ ಎಐಗೆ ಕಲಿಸಿದ. ಫೋಟೋ ಕೊಟ್ರ ಅರ್ಧ ತಾಸಿನ್ಯಾಗ ಶಿವಕಾಂತಾನ ಕೈಯಂಥದೇ ಚಿತ್ರ ತಯಾರ. ತನ್ನ ಅವ್ವನ ಚಿತ್ರ ಶಿವಕಾಂತಾನ ಕೈಲೇ ಬರಸ್ಕೊಂಡಾವ ಆತ. ಉಂಡ ಮನಿ ಜಂತಿ ಎಣಿಸೋ ಮನಿಷ್ಯಾ! ಶಿವಕಾಂತಾನ ಬಾಗಿಲಿಗೆ ಫೋಟೋ ಬರೋದು ನಿಂತಿತು. ಲೈಸೆನ್ಸಿನ ಕಾಗದ ಹಿಡಕೊಂಡು ಆಕಿ ತಾಂಡೂರಿಗೆ ಹೋದ್ರ ಧನರಾಜ ಚಾ ತರಿಸಿದ.

"ನಿಮ್ಮ ಚಿತ್ರ ನಾ ಮಾರಿಲ್ಲ ಅಕ್ಕಾರ. ಕಂಪ್ಯೂಟರಿಗೆ ತೋರಿಸೀನಿ ಅಷ್ಟ. ನೋಡ್ರಿ ಅಂತ ನೀವೇ ಬರ್ದೀರಲ್ಲ."

ಶಿವಕಾಂತಾ ಚಾ ಮುಟ್ಟದ ಎದ್ದು ಬಂದ್ಳು. ಬಸ್ಸಿನ್ಯಾಗ ಕುಂತು ತನ್ನನ್ನೇ ಬೈಕೊಂಡ್ಳು. ಕಲಿ ಇಲ್ಲದ ಚಿತ್ರ ಕೊಟ್ಟ ಕೈ ತನ್ನದೇ ಅಲ್ಲೇನು?

ಈ ವರ್ಷ ಅಪ್ಪ ಮಾಣಿಕಪ್ಪ ಹೋದ್ರು. ಆಕಿ ಬಾಗಿಲು ಮುಂದಮಾಡಿಕೊಂಡು ರಾತ್ರಿಯೆಲ್ಲ ಅಪ್ಪನ ಮಾರಿ ಬರದ್ಳು. ವಿಭೂತಿ ಒಂದು ಉಳಿದಿತ್ತು. ಮುಂಜಾನಿ ಮಂದಿ ಕೂಡಿದಾಗ ತಮ್ಮ ಸೂರ್ಯಕಾಂತ ತಾಂಡೂರಿನಿಂದ ಕಟ್ಟು ಹಾಕಿಸಿದ ಚಿತ್ರ ತಂದ. ಅಕ್ಕಗ್ಯಾಕ ತ್ರಾಸ ಅಂತ ಮಾಡಿಸ್ಯಾನಂತ. ಕಣ್ಣು ಅವೇ, ನೆರಳು ಅದೇ. ಹಣಿಮ್ಯಾಲ ಮೂರನೇ ಗೆರಿ ನಟ್ಟನಡುವ ತುಂಡಾಗಿತ್ತು.

"ಅದೊಂದು ಮಷೀನ್ ತಪ್ಪು ಮಾಡೇದ ಅಕ್ಕಾ. ಧನರಾಜಗ ಹೇಳೀನಿ, ಮುಂದಿನ ಚಿತ್ರಕ್ಕ ನೆಟ್ಟಗ ಬರೋಹಂಗ ಮಾಡ್ತಾನಂತ. ಇದೊಂದು ನೀ ಕೂಡಿಸಿಬಿಡು."

ಬೀದರಿನ ಮಂದಿಗೆ ಗೊತ್ತಿದ್ದದ್ದು ಮನಿ ಮಗಗ ಗೊತ್ತಿರಲಿಲ್ಲ. ಆಕಿಗೆ ಕಟ್ಟು ಒಡದು ಹಾಕೋವಷ್ಟು ಸಿಟ್ಟು ಬಂತು. ಆದ್ರ ಅದರಾಗ ಇದ್ದದ್ದು ಅಪ್ಪನ ಮಾರಿ, ಮಂದಿ ಹೂ ಹಿಡಕೊಂಡು ನಿಂತಿದ್ರು. ಶಿವಕಾಂತಾ ಸಣ್ಣ ಕುಂಚ ತಗೊಂಡು ಗೆರಿ ಕೂಡಿಸಿದ್ಳು.